ಸ್ಕೇಲು, ಕೈವಾರ ಇಲ್ಲದೆ ಇವು ಹೇಗೆ ಅಳೀತವೆ? ನಮ್ಮ ಸೀಮೆಯ ಪ್ರಾಣಿಗಳ ರೇಖಾಗಣಿತ

ಬೆಟ್ಟದಡಿ, ಚಿಕ್ಕಬಳ್ಳಾಪುರ

ಎಂಟನೇ ತರಗತಿ ಮಕ್ಕಳಿಗೆ ‘ಪ್ರಕೃತಿಯಲ್ಲಿ ರೇಖಾಗಣಿತ’ ಅಂತ ಗೋಡೆ ಚಾರ್ಟು ತಯಾರಾಗಬೇಕು. ಎಲ್ಲಿ ಹುಡುಕಿದರೂ ಅದೇ ಸಮುದ್ರದ ಶಂಖ, ಅದೇ ಹಿಮದ ಹರಳು, ಅದೇ ಜೀಬ್ರಾ. ನಂದಿ ಬೆಟ್ಟದ ಬುಡದಲ್ಲಿ ಓದೋ ಮಗು ಹಿಮದ ಹರಳನ್ನ ಎಲ್ಲಿ ಹೋಗಿ ನೋಡಬೇಕು? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಯಲ್ಲಿ ಕಣ್ಣಿಗೆ ಬೀಳೋ ಪ್ರಾಣಿ, ಹಕ್ಕಿ, ಹುಳುಗಳೇ ಬೇಕು.

ಎರಡು ಷರತ್ತು. ಆಕಾರ ಚೆನ್ನಾಗಿದೆ ಅನ್ನೋದು ಸಾಲದು, ಅದರಿಂದ ಜೀವ ಹೇಗೆ ಉಳಿಯುತ್ತೆ ಅನ್ನೋದು ಬರಬೇಕು. ಆಮೇಲೆ, ಮಕ್ಕಳು ಕೇಳೇ ಕೇಳೋ ಪ್ರಶ್ನೆ: ಸ್ಕೇಲು, ಕೈವಾರ, ಕೋನಮಾಪಕ ಯಾವುದೂ ಇಲ್ಲದೆ ಅಳತೆ ತಪ್ಪದ ಹಾಗೆ ಕಟ್ಟೋದು ಹೇಗೆ? “ಹುಟ್ಟುಗುಣ” ಅಂದುಬಿಟ್ಟರೆ ಅವರು ಸುಮ್ಮನಾಗಲ್ಲ.

ರಾಗಿಹೊಲ

ಜೇನುಗೂಡು ಬರೆದುಬಿಡಿ. ಆರು ಮೂಲೆ. ಮುಗೀತು.

ಕಂಪಾಸುಪೆಟ್ಟಿಗೆ, ಕೋಲಾರ

ಮುಗಿಯಲ್ಲ, ಅಲ್ಲಿಂದಲೇ ಶುರು. ಆರು ಮೂಲೆಯೇ ಯಾಕೆ ಅನ್ನೋದನ್ನ ಮಕ್ಕಳೇ ಲೆಕ್ಕ ಹಾಕಲಿ. 100 ಚದರ ಮಿಲಿಮೀಟರ್ ವಿಸ್ತೀರ್ಣದ ಒಂದು ಕಣ ಬೇಕು ಅಂದುಕೊಳ್ಳಿ. ಸಮಬಾಹು ತ್ರಿಕೋನದಲ್ಲಿ ಮಾಡಿದರೆ ಸುತ್ತಳತೆ 45.6 ಮಿಮೀ, ಚೌಕದಲ್ಲಿ 40, ಷಡ್ಭುಜದಲ್ಲಿ 37.2, ವೃತ್ತದಲ್ಲಿ 35.4. ವೃತ್ತವೇ ಅಗ್ಗ ಅನ್ನಿಸುತ್ತೆ. ಆದರೆ ವೃತ್ತಗಳನ್ನ ಎಷ್ಟೇ ಒತ್ತಾಗಿ ಜೋಡಿಸಿದರೂ ನಡುವೆ ಶೇಕಡ 9ಕ್ಕಿಂತ ಹೆಚ್ಚು ಜಾಗ ಪೋಲು, ಜೊತೆಗೆ ಪಕ್ಕದ ಕಣದ ಜೊತೆ ಗೋಡೆ ಹಂಚಿಕೊಳ್ಳೋಕೆ ಆಗಲ್ಲ. ಭುಜ, ಕೋನ ಎರಡೂ ಸಮ ಇದ್ದು ಸಂದಿಲ್ಲದೆ ಕೂರೋ ಆಕಾರ ಮೂರೇ: ತ್ರಿಕೋನ, ಚೌಕ, ಷಡ್ಭುಜ. ಮೂರರಲ್ಲಿ ಕಡಿಮೆ ಗೋಡೆ ಷಡ್ಭುಜಕ್ಕೆ.

ಅಲೆಕ್ಸಾಂಡ್ರಿಯಾದ ಗಣಿತಜ್ಞ ಪಾಪಸ್ 4ನೇ ಶತಮಾನದಲ್ಲೇ ಇದನ್ನ ಬರೆದಿದ್ದ. ಬಾಗಿದ ಗೋಡೆ, ಅಂಕುಡೊಂಕು ಆಕಾರ ಎಲ್ಲ ಸೇರಿಸಿಕೊಂಡರೂ ಷಡ್ಭುಜವನ್ನ ಮೀರಿಸೋದಿಲ್ಲ ಅಂತ ಪೂರ್ತಿ ಸಾಧಿಸಿದ್ದು ಮಾತ್ರ 1999ರಲ್ಲಿ, ಥಾಮಸ್ ಹೇಲ್ಸ್.

ಜೇನುಪೆಟ್ಟಿಗೆ, ತಿಪಟೂರು

ಲೆಕ್ಕ ಸರಿ ಸಾರ್, ಉಳಿವಿನ ಮಾತು ಸೇರಿಸಿ. ಒಂದು ಕೆಜಿ ಮೇಣ ಬರಬೇಕಾದರೆ ನೊಣಗಳು ಆರರಿಂದ ಎಂಟು ಕೆಜಿ ಜೇನುತುಪ್ಪ ತಿನ್ನಬೇಕು ಅನ್ನೋದು ಸಾಮಾನ್ಯ ಲೆಕ್ಕ. ಮೇಣ ಹೊಟ್ಟೆಯಡಿಯ ಗ್ರಂಥಿಯಿಂದ ಸಣ್ಣ ಸಣ್ಣ ಹಲ್ಲೆಯಾಗಿ ಬರುತ್ತೆ, ಹೊರಗಿಂದ ಹೊತ್ತು ತರೋ ಸಾಮಾನಲ್ಲ. ಹಾಗಾಗಿ ಚೌಕದ ಬದಲು ಷಡ್ಭುಜ ಕಟ್ಟಿ ಉಳಿಸೋ ಶೇಕಡ 7ರಷ್ಟು ಮೇಣ ಅಂದ್ರೆ ಹೂವಿಲ್ಲದ ತಿಂಗಳಲ್ಲಿ ಸಂಸಾರಕ್ಕೆ ಉಳಿದ ಊಟ.

ಇನ್ನೊಂದು, ಚಾರ್ಟಲ್ಲಿ ಯಾರೂ ಬರೆಯಲ್ಲ: ಕಣಗಳು ನೆಲಕ್ಕೆ ಸಮಾನಾಂತರವಾಗಿ ಇರಲ್ಲ. ನಡುಗೋಡೆಯಿಂದ ಬಾಯಿ ಕಡೆಗೆ ಸುಮಾರು 9ರಿಂದ 14 ಡಿಗ್ರಿ ಮೇಲಕ್ಕೆ ವಾಲಿರ್ತವೆ. ಎರಿಯ (ಕಣಗಳಿರೋ ಮೇಣದ ಹಲಗೆ) ಅಂಚನ್ನ ಚೂಪು ಚಾಕುವಿನಲ್ಲಿ ಸೀಳಿ ಬದಿಯಿಂದ ನೋಡಿದರೆ ಕಣ್ಣಿಗೇ ಕಾಣುತ್ತೆ. ಕಾಡುಗೂಡಿನ ಎರಿಯನ್ನ ಪೆಟ್ಟಿಗೆಯ ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟೋವಾಗ ತಲೆಕೆಳಗಾದರೆ ಈ ವಾಲು ಉಲ್ಟಾ ಆಗುತ್ತೆ, ಮುಚ್ಚದ ಕಣದ ತೆಳು ಮಕರಂದ ತೊಟ್ಟಿಕ್ಕುತ್ತೆ. ವಾಸನೆಗೆ ಇರುವೆ ಸಾಲು ಬಂತು ಅಂದ್ರೆ ಎರಡೇ ದಿನದಲ್ಲಿ ಸಂಸಾರ ಪೆಟ್ಟಿಗೆ ಬಿಟ್ಟು ಹಾರಿಹೋಗಬಹುದು. ಎರಿ ಕೀಳೋ ಮೊದಲೇ ಮೇಲಿನ ಅಂಚಿಗೆ ಒಂದು ಕಡ್ಡಿ ಚುಚ್ಚಿ ಗುರುತು ಮಾಡಿಕೊಳ್ಳಿ.

ಬೆಟ್ಟದಡಿ, ಚಿಕ್ಕಬಳ್ಳಾಪುರ

ಈ ವಾಲು ವಿಷಯ ಚಾರ್ಟಿಗೆ ಖಂಡಿತ. ಆದರೆ ಅಳತೆ? ಕತ್ತಲ ಪೊಟರೆಯೊಳಗೆ ಅದು ಕೋನ ಹಿಡಿಯೋದು ಹೇಗೆ?

ಜೇನುಪೆಟ್ಟಿಗೆ, ತಿಪಟೂರು

ಮೈಯೇ ಮಟ್ಟಗೋಲು. ಕುತ್ತಿಗೆ ಹತ್ತಿರ ಸಣ್ಣ ಕೂದಲಿನ ಗೊಂಚಲಿದೆ. ತಲೆಯ ಭಾರ ಯಾವ ಕಡೆ ವಾಲಿತೋ ಆ ಕಡೆ ಕೂದಲು ಒತ್ತುತ್ತೆ, ಮೇಲೆ ಕೆಳಗೆ ಗೊತ್ತಾಗುತ್ತೆ. ಗಾರೆ ಕೆಲಸದವರ ತೂಕದ ಗುಂಡು ಇದ್ದ ಹಾಗೆ. ಗೋಡೆ ದಪ್ಪ ನೋಡೋದು ಮೀಸೆಯ ತುದಿಯಿಂದ. ಮಾರ್ಟಿನ್ ಮತ್ತು ಲಿಂಡೌವರ್ 1966ರಲ್ಲಿ ಮೀಸೆಯ ತುದಿ ಕತ್ತರಿಸಿದ ನೊಣಗಳಿಂದ ಗೂಡು ಕಟ್ಟಿಸಿ ನೋಡಿದರು. ಗೋಡೆ ಕೆಲವು ಕಡೆ ದಪ್ಪ, ಕೆಲವು ಕಡೆ ತೂತು.

ಒಂಟಿಬಂಡೆ

ನೊಣ ದುಂಡಗೆ ಕಟ್ಟುತ್ತೆ, ಮೈ ಬಿಸಿಗೆ ಮೇಣ ಮೆತ್ತಗಾಗಿ ತಾನೇ ಷಡ್ಭುಜ ಆಗುತ್ತೆ. ಸೋಪಿನ ಗುಳ್ಳೆ ಒತ್ತಿಕೊಂಡ ಹಾಗೆ. ಇದರಲ್ಲಿ ನೊಣದ ಬುದ್ಧಿವಂತಿಕೆ ಏನೂ ಇಲ್ಲ.

ಕಂಪಾಸುಪೆಟ್ಟಿಗೆ, ಕೋಲಾರ

ಅಷ್ಟು ಖಡಾಖಂಡಿತ ಹೇಳಬೇಡಿ. 2013ರಲ್ಲಿ ಆ ವಾದಕ್ಕೆ ಬಲ ಕೊಡೋ ಪ್ರಬಂಧ ಬಂತು, ನಿಜ. ಕಟ್ಟೋ ನೊಣಗಳು ಬಾಯಿಂದ ಮೇಣ ಕೆರೆದು, ಒತ್ತಿ, ಮೊದಲಿಂದಲೇ ಮೂಲೆ ತೆಗೀತವೆ ಅಂತ ನೋಡಿದವರೂ ಇದ್ದಾರೆ, ಆ ವಾದ ಇನ್ನೂ ನಡೀತಾ ಇದೆ. ಚಾರ್ಟಲ್ಲಿ ಹೀಗೆ ಬರೆಯಿರಿ: ಅಕ್ಕಪಕ್ಕ ಕಣ ಇದ್ದರೆ ಷಡ್ಭುಜ, ಒಂಟಿಯಾಗಿ ತೂಗೋ ರಾಣಿ ಕಣ ಮಾತ್ರ ದುಂಡಗೆ ಕಡಲೆಕಾಯಿ ಥರ. ಎರಡೂ ಒಂದೇ ನೊಣದ ಕೆಲಸ. ಇದು ಕಣ್ಣಾರೆ ಕಾಣೋ ಸಂಗತಿ.

ಜೇನುಪೆಟ್ಟಿಗೆ, ತಿಪಟೂರು

ನಸರಿ ಜೇನಿನ (ಕುಟುಕದ ಪುಟ್ಟ ಜೇನು) ತುಪ್ಪದ ಮಡಕೆಗಳೂ ದುಂಡಗೇ ಇರ್ತವೆ. ದ್ರಾಕ್ಷಿ ಗೊಂಚಲು ಥರ. ಪಕ್ಕದಲ್ಲೇ ಬರೆಯಿರಿ, ಹೋಲಿಸೋಕೆ ಚೆನ್ನಾಗಿರುತ್ತೆ.

ಹಿಪ್ಪುನೇರಳೆ, ಶಿಡ್ಲಘಟ್ಟ

ನಮ್ಮ ಜಿಲ್ಲೆಯಲ್ಲಿ ಕೂತು ರೇಷ್ಮೆ ಗೂಡನ್ನೇ ಮರೆತರೆ ಹೇಗೆ ಮೇಡಂ! ಶಿಡ್ಲಘಟ್ಟದ ಯಾವ ಮಗುವಿಗೂ ಬೇರೆ ಉದಾಹರಣೆ ಬೇಡ.

ಹಣ್ಣಾದ ಹುಳು, ಅಂದ್ರೆ ನೂಲೋಕೆ ಸಿದ್ಧವಾದದ್ದು, ಚಂದ್ರಿಕೆಗೆ (ಗೂಡು ಕಟ್ಟಿಸೋ ಬಿದಿರಿನ ತಟ್ಟೆ) ಬಿದ್ದ ಮೇಲೆ ಮೊದಲು ಅಡ್ಡಾದಿಡ್ಡಿ ನೂಲು ಹಾಕಿ ಒಂದು ತೊಟ್ಟಿಲು ಮಾಡಿಕೊಳ್ಳುತ್ತೆ. ಆಮೇಲೆ ಹಿಂದಿನ ಕಾಲಲ್ಲಿ ಗಟ್ಟಿಯಾಗಿ ಹಿಡಿದು ತಲೆ ಮಾತ್ರ ಆಡಿಸುತ್ತೆ, ಇಂಗ್ಲಿಷಿನ 8 ಅಂಕಿ ಬರೆದ ಹಾಗೆ. ಒಂದು ಜಾಗದಲ್ಲಿ ಒಂದಷ್ಟು ಎಂಟುಗಳನ್ನ ಹಾಕಿ, ಮೈ ಸರಿಸಿ, ಪಕ್ಕದಲ್ಲಿ ಮತ್ತೊಂದಷ್ಟು. ಎರಡು ಮೂರು ದಿನ ಬಿಡುವಿಲ್ಲ. ಒಳ್ಳೆ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗೂಡಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತೆ. ಎಂಟರ ಆಕಾರ ಆದ್ದರಿಂದಲೇ ಬಿಸಿನೀರಿಗೆ ಹಾಕಿ ತುದಿ ಹಿಡಿದರೆ ಗಂಟಾಗದೆ ಬಿಚ್ಚಿಕೊಂಡು ಬರೋದು. ಬರೀ ಸುತ್ತು ಸುತ್ತಾಗಿ ಹಾಕಿದ್ದರೆ ಪದರ ಪದರ ಹಿಡಿತ ಇಲ್ಲದೆ ಗೂಡು ಕುಸಿಯೋದು.

ಇನ್ನು ಅಳತೆ. ಹುಳುವಿನ ತಲೆ ಎಟುಕುವಷ್ಟೇ ಗೂಡಿನ ಅಗಲ. ಬೇರೆ ಅಳತೆಗೋಲು ಇಲ್ಲ. ನಿಜ ಅಲ್ಲವಾ ಅಂತ ಮಕ್ಕಳಿಗೆ ತೋರಿಸಬೇಕಾ? ಹಣ್ಣಾದ ಒಂದು ಹುಳುವನ್ನ ಸಪಾಟು ರಟ್ಟಿನ ಮೇಲೆ, ಸುತ್ತ ಯಾವ ಕಡ್ಡಿ, ಮೂಲೆ, ಅಂಚು ಸಿಗದ ಹಾಗೆ ಬಿಡಿ. ಗೂಡು ಕಟ್ಟಲ್ಲ. ರಟ್ಟಿನ ಮೇಲೆ ರೇಷ್ಮೆ ಹಾಳೆ ಹಾಸಿ, ಅದರ ಮೇಲೇ ಬಯಲಲ್ಲಿ ಕೋಶ (ಪ್ಯೂಪಾ) ಆಗಿಬಿಡುತ್ತೆ. ಮೂಲೆ ಇದ್ದರೆ ತಾನೇ ಗೂಡು. ಅದಕ್ಕೇ ಚಂದ್ರಿಕೆಯಲ್ಲಿ ಬಿದಿರು ಪಟ್ಟಿಯನ್ನ ಸುರುಳಿ ಸುತ್ತಿರೋದು. ಎರಡು ಸುತ್ತಿನ ನಡುವಿನ ಸಂದಿಯೇ ಹುಳುವಿಗೆ ಎರಡು ಗೋಡೆ.

ರಾಗಿಹೊಲ

ಅಕ್ಕ, ಅದು ಸಾಕಿದ ಹುಳು. ಕಾಡಲ್ಲಿ ಬಿಟ್ಟರೆ ಒಂದು ದಿನ ಬದುಕಲ್ಲ. ‘ಉಳಿವಿಗೆ ರೇಖಾಗಣಿತ’ ಅಂತ ಹೇಗೆ ಹೇಳ್ತೀರಿ?

ಹಿಪ್ಪುನೇರಳೆ, ಶಿಡ್ಲಘಟ್ಟ

ಸರಿಯಾದ ಪ್ರಶ್ನೆ. ಗೂಡು ಕಟ್ಟೋ ಕೆಲಸ ಮನುಷ್ಯ ಕಲಿಸಿದ್ದಲ್ಲ, ಅದರ ಕಾಡಿನ ಪೂರ್ವಜರದ್ದು. ಮನುಷ್ಯ ಮಾಡಿದ್ದು ದಪ್ಪ ಹೆಚ್ಚಿಸಿದ್ದು, ಆಕಾರ ತಿದ್ದಿದ್ದು. ಮೈಸೂರು ತಳಿ ಗೂಡು ಹಸಿರು ಮಿಶ್ರಿತ ಹಳದಿ, ಎರಡೂ ತುದಿ ಚೂಪು. ಬಿಳಿ ದ್ವಿತಳಿ ಗೂಡು ಮೊಟ್ಟೆಯಾಕಾರ ಅಥವಾ ನಡು ಸೊಂಟ ಸಣ್ಣಗಾದ ಕಡಲೆಕಾಯಿ ಆಕಾರ. ಚೂಪು ತುದಿಯಲ್ಲಿ ಪದರ ತೆಳು, ಅಲ್ಲಿ ಎಳೆ ಬಿಚ್ಚೋವಾಗ ತೂತಾಗಿ ಗೂಡಿನೊಳಗೆ ನೀರು ನುಗ್ಗಿ ಮುಳುಗುತ್ತೆ.

ಅಳತೆ ತಪ್ಪಿದರೆ ಏನಾಗುತ್ತೆ ಅನ್ನೋದನ್ನೂ ಬರೆಯಿರಿ. 6 ಅಡಿ × 4 ಅಡಿ ಚಂದ್ರಿಕೆಗೆ 900ರಿಂದ 1000 ಹುಳು, ಅಂದ್ರೆ ಚದರಡಿಗೆ ಸುಮಾರು 40. ಆತುರಕ್ಕೆ 1500 ಸುರಿದರೆ ಎರಡು ಹುಳು ಒಂದೇ ಸಂದಿಯಲ್ಲಿ ಸೇರಿ ಜೋಡಿ ಗೂಡು ಆಗುತ್ತೆ. ಎರಡು ಎಳೆ ಒಂದಕ್ಕೊಂದು ಹೆಣೆದುಕೊಂಡಿರೋದರಿಂದ ಅದು ಬಿಚ್ಚಲ್ಲ. ಮೇಲಿನ ಹುಳುವಿನ ಉಚ್ಚೆ ಕೆಳಗಿನ ಗೂಡಿನ ಮೇಲೆ ಬಿದ್ದು ಕಲೆ ಬೇರೆ. ತಿರುಗೋ ಚಂದ್ರಿಕೆಯಲ್ಲಿ ಈ ತೊಂದರೆ ಕಡಿಮೆ. ಒಂದು ಚೌಕಟ್ಟಿಗೆ 13 × 12, ಒಟ್ಟು 156 ಮನೆ, ಒಂದು ಮನೆಗೆ ಒಂದೇ ಹುಳು. ಹುಳುಗಳೆಲ್ಲ ಮೇಲಕ್ಕೆ ಹತ್ತಿದಾಗ ಭಾರಕ್ಕೆ ಚೌಕಟ್ಟು ತಾನೇ ತಿರುಗುತ್ತೆ, ಖಾಲಿ ಮನೆಗಳು ಮತ್ತೆ ಮೇಲೆ ಬರ್ತವೆ.

ಪಾವಗಡ ಬಿಸಿಲು

ಗೂಡಿನ ರೇಟು ಈ ವಾರ ಎಷ್ಟಿದೆ ಅಕ್ಕ?

ವೇದಿಕೆ ನಿರ್ವಹಣೆ

ರೇಟಿನ ಮಾತು ಮಾರುಕಟ್ಟೆ ಎಳೆಯಲ್ಲಿ. ಇಲ್ಲಿ ವಿಷಯ ಬಿಡಬೇಡಿ.

ಕೆರೆಕೋಡಿ, ಗುಬ್ಬಿ

ಗೀಜಗ! ತೆಂಗಿನ ಗರಿ, ಈಚಲು, ಬಾವಿ ಮೇಲೆ ಬಾಗಿದ ಜಾಲಿ, ಮೂರು ಜಿಲ್ಲೆಯಲ್ಲೂ ಇದೆ. ಗಂಡು ಹಕ್ಕಿ ಮೊದಲು ನಾರಿನಲ್ಲಿ ಒಂದು ಬಳೆ ಕಟ್ಟುತ್ತೆ. ಆ ಬಳೆಯೊಳಗೆ ಕೂತು, ಕೂತ ಜಾಗ ಬಿಡದೆ, ಕೊಕ್ಕು ಎಟುಕುವಷ್ಟು ದೂರಕ್ಕೆ ಮುಂದಕ್ಕೂ ಮೇಲಕ್ಕೂ ಹೆಣೀತಾ ಹೋಗುತ್ತೆ. ಕೈವಾರದ ಮುಳ್ಳು ಅಂದ್ರೆ ಅದರ ಕಾಲು, ಪೆನ್ಸಿಲು ಅಂದ್ರೆ ಕೊಕ್ಕು. ಅದಕ್ಕೇ ಗೂಡಿನ ಹೊಟ್ಟೆ ಗುಂಡಗೆ. ಮೇಡಂ ಕೇಳಿದ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಸಿಗಲ್ಲ.

ಬಾಗಿಲು ಕೆಳಮುಖ ಕೊಳವೆ. ಹಾವು ತುದಿ ಟೊಂಗೆ ತನಕ ಬರಬಹುದು, ಗೂಡಿನ ನುಣುಪು ಹೊಟ್ಟೆ ಇಳಿದು ಕೊಳವೆಯ ಕೆಳಗಿನಿಂದ ಮತ್ತೆ ಮೇಲೆ ಹತ್ತೋದು ಕಷ್ಟ. ಕೊಳವೆ ಒಳಗೆ ಒಂದು ಅಡ್ಡ ಹೊಸ್ತಿಲು ಬೇರೆ ಇರುತ್ತೆ, ಗಾಳಿಗೆ ತೂಗಾಡಿದರೂ ಮೊಟ್ಟೆ ಉರುಳಿ ಬೀಳಲ್ಲ. ಗೂಡುಗಳು ಹೆಚ್ಚಾಗಿ ಮರದ ಪೂರ್ವ ಮಗ್ಗುಲಲ್ಲೇ. ಮುಂಗಾರು ಗಾಳಿ ನೈಋತ್ಯದಿಂದ ಬೀಸುತ್ತೆ, ಮರವೇ ಮರೆ.

ರಾಗಿಹೊಲ

ಅರ್ಧ ಕಟ್ಟಿದ ಗೂಡು ಗಂಡಿನ ಉಯ್ಯಾಲೆ ಅಂತಾರಲ್ಲ. ಒಳಗೆ ಬೆಳಕಿಗೆ ಹಸಿಮಣ್ಣಲ್ಲಿ ಮಿಂಚುಹುಳ ಅಂಟಿಸುತ್ತೆ ಅಂತಲೂ ಕೇಳಿದೀವಿ.

ಕೆರೆಕೋಡಿ, ಗುಬ್ಬಿ

ಎರಡೂ ಕಥೆ. ಅರ್ಧ ಗೂಡು ಅಂದ್ರೆ ಹೆಣ್ಣು ಬಂದು ನೋಡಿ ಬೇಡ ಅಂದದ್ದು. ಶಿರಸ್ತ್ರಾಣದ ಹಾಗೆ ಕಾಣೋ ಆ ಹಂತದಲ್ಲೇ ಹೆಣ್ಣು ಬಂದು ಪರೀಕ್ಷೆ ಮಾಡೋದು. ಒಪ್ಪಿದರೆ ಗಂಡು ಮೊಟ್ಟೆ ಕೋಣೆ, ಕೊಳವೆ ಮುಗಿಸುತ್ತೆ. ಇಲ್ಲದಿದ್ದರೆ ಅಲ್ಲಿಗೇ ಬಿಟ್ಟು ಬೇರೆ ಶುರು. ಮಣ್ಣು ಮೆತ್ತೋದು ನಿಜ, ಮಿಂಚುಹುಳ ಸುಳ್ಳು. ಹಗುರ ಗೂಡು ಗಾಳಿಗೆ ಬುಗುರಿಯಂತೆ ತಿರುಗದೆ ಇರಲಿ ಅನ್ನೋದು ಮಣ್ಣಿಗೆ ಕೊಡೋ ಕಾರಣಗಳಲ್ಲಿ ಒಂದು. ತೆಂಗಿನ ತೋಟದವರು ಗರಿ ಸಿಗಿದು ಹಾಕುತ್ತೆ ಅಂತ ಗೂಡು ಕೀಳಿಸ್ತಾರೆ. ಮರಿ ಇದ್ದಾಗ ದಯವಿಟ್ಟು ಬೇಡ. ಮಳೆಗಾಲ ಕಳೆದ ಮೇಲೆ ಗೂಡು ಖಾಲಿ, ಚಾರ್ಟಿನ ಪಕ್ಕ ಇಡೋಕೆ ಬೇಕಾದರೂ ಆಗ ಬಿದ್ದದ್ದನ್ನ ಆಯ್ದುಕೊಳ್ಳಿ.

ಹುತ್ತದಮಣ್ಣು, ಮುಳಬಾಗಿಲು

ಹುತ್ತ ಯಾರೂ ಹೇಳಲಿಲ್ಲ.

ಒಂಟಿಬಂಡೆ

ಹಾವಿನ ಮನೆಗೂ ರೇಖಾಗಣಿತಕ್ಕೂ ಏನು ಸಂಬಂಧ?

ಹುತ್ತದಮಣ್ಣು, ಮುಳಬಾಗಿಲು

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯ್ತು ಅನ್ನೋ ಗಾದೆಯಲ್ಲೇ ಉತ್ತರ ಇದೆ. ಕಟ್ಟೋದು ಗೆದ್ದಲು, ಹಾವು ಬರೋದು ಆಮೇಲೆ.

ನಮ್ಮ ಕೆಂಪುಮಣ್ಣಿನ ಹುತ್ತವನ್ನ ಸುತ್ತ ಒಂದು ಸಲ ನೋಡಿ. ನಡುವೆ ಒಂದು ಕಂಬ, ಹೊರಗೆ ಉದ್ದುದ್ದ ಏಣುಗಳು, ಗೋಪುರಕ್ಕೆ ಆನಿಸಿ ಕಟ್ಟಿದ ಒರಗುಗೋಡೆ ಥರ. ಒಳಗೆ ಲಕ್ಷಗಟ್ಟಲೆ ಗೆದ್ದಲು, ಜೊತೆಗೆ ಅವು ಬೆಳೆಸೋ ಶಿಲೀಂಧ್ರದ ತೋಟ. ಎರಡೂ ಉಸಿರಾಡ್ತವೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಲೇಬೇಕು. ಹಗಲು ತೆಳು ಏಣುಗಳು ಬೇಗ ಬಿಸಿಯಾಗ್ತವೆ, ನಡುಕಂಬ ತಂಪಾಗೇ ಇರುತ್ತೆ. ಏಣಿನೊಳಗಿನ ಗಾಳಿ ಮೇಲೇರುತ್ತೆ, ನಡುವಿನದು ಇಳಿಯುತ್ತೆ. ರಾತ್ರಿ ಏಣು ಬೇಗ ಆರಿ, ಗಾಳಿ ಉಲ್ಟಾ ತಿರುಗುತ್ತೆ. ಹಗಲೆಲ್ಲ ಕೂಡಿದ ಕೆಟ್ಟ ಗಾಳಿ ರಾತ್ರಿ ಹೊರಗೆ. ಕಿಂಗ್, ಓಕೊ, ಮಹದೇವನ್ ಸೇರಿ 2015ರಲ್ಲಿ ಪ್ರಕಟಿಸಿದ್ದು ಇದನ್ನೇ, ಅಳೆದದ್ದು ದಕ್ಷಿಣ ಭಾರತದ ಇದೇ ಜಾತಿಯ ಹುತ್ತಗಳಲ್ಲಿ.

ಚಾರ್ಟಲ್ಲಿ ತಪ್ಪು ಮಾಡಬೇಡಿ: ಈ ಹುತ್ತದ ತಲೆ ಮುಚ್ಚಿರುತ್ತೆ. ಹೊಗೆಗೂಡಿನ ಥರ ಮೇಲೆ ತೂತು ಬರೆಯಬೇಡಿ. ಬೇರೆ ಕೆಲವು ಜಾತಿ ತೆರೆದ ಕೊಳವೆ ಬಿಡ್ತವೆ, ಅದು ಬೇರೆ ಲೆಕ್ಕ. ಇಲ್ಲಿ ಗಾಳಿ ಸೋರೋದು ಗೋಡೆಯ ಸಣ್ಣ ರಂಧ್ರಗಳಲ್ಲಿ. ಅಂದ್ರೆ ಏಣು ಕೆಲಸ ಮಾಡೋದು ಹೊರಮೈ ವಿಸ್ತೀರ್ಣ ಹೆಚ್ಚಿಸಿ. ಒಂದೇ ಮಣ್ಣಲ್ಲಿ ನುಣುಪು ಶಂಕು ಕಟ್ಟಿದ್ದರೆ ಇಷ್ಟು ಮೈ ಸಿಗ್ತಿರಲಿಲ್ಲ.

ಪಾವಗಡ ಬಿಸಿಲು

ಮಳೆ ಬಿದ್ದ ಮೇಲೆ ಹುತ್ತದ ಅಣಬೆ ಏಳೋದು ಆ ಶಿಲೀಂಧ್ರದಿಂದಲೇನಾ?

ಹುತ್ತದಮಣ್ಣು, ಮುಳಬಾಗಿಲು

ಅದೇ. ಅದಕ್ಕೇ ಹುತ್ತ ಕಿತ್ತರೆ ಆ ಜಾಗದಲ್ಲಿ ಅಣಬೆಯೂ ಇಲ್ಲ.

ಮೈದನಹಳ್ಳಿ ಬಯಲು, ಮಧುಗಿರಿ

ಕಟ್ಟೋದು ಒಂದೇ ರೇಖಾಗಣಿತ ಅಲ್ಲ, ನಿಲ್ಲೋದೂ ರೇಖಾಗಣಿತ. ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ, 798 ಎಕರೆ, ಮಧುಗಿರಿ ತಾಲ್ಲೂಕು. ಹಿಂಡು ಮೇಯ್ತಾ ಇರುವಾಗ ಹರಡಿಕೊಂಡಿರುತ್ತೆ, ನಾಯಿಯೋ ತೋಳವೋ ಕಂಡ ಕೂಡಲೇ ಒತ್ತಾಗುತ್ತೆ. ಯಾಕೆ ಅನ್ನೋದನ್ನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1971ರಲ್ಲಿ ಶುದ್ಧ ರೇಖಾಗಣಿತದಲ್ಲಿ ತೋರಿಸಿದ. ಅವನ ಮೊದಲ ಉದಾಹರಣೆ ಜಿಂಕೆಯಲ್ಲ, ದುಂಡನೆ ಕೊಳದ ದಂಡೆಯ ಕಪ್ಪೆಗಳು. ನೀರಿಂದ ಹಾವು ಎಲ್ಲಿ ಬೇಕಾದರೂ ತಲೆ ಎತ್ತಬಹುದು, ಹತ್ತಿರ ಇದ್ದ ಕಪ್ಪೆಯನ್ನ ಹಿಡಿಯುತ್ತೆ. ಒಂದು ಕಪ್ಪೆಯ ಅಪಾಯದ ಪಾಲು ಅಂದ್ರೆ ಅದರ ಎಡ ಬಲದ ಕಪ್ಪೆಗಳಿಗೆ ಇರೋ ದೂರದ ಅರ್ಧರ್ಧ. ಇಬ್ಬರ ನಡುವಿನ ಸಣ್ಣ ಸಂದಿಗೆ ಹಾರಿದರೆ ಪಾಲು ಕಮ್ಮಿ. ಎಲ್ಲವೂ ಹಾಗೇ ಮಾಡಿದರೆ ಗುಂಪು.

ಮಕ್ಕಳ ಕೈಯಲ್ಲಿ ಮಾಡಿಸೋ ಕ್ರಮ: ಹಾಳೆ ಮೇಲೆ 12 ಚುಕ್ಕಿ ಮನಸ್ಸಿಗೆ ಬಂದ ಹಾಗೆ ಇಡಿ. ಒಂದು ಚುಕ್ಕಿ ಆರಿಸಿ, ಸುತ್ತಲಿನ ಪ್ರತಿ ಚುಕ್ಕಿಗೂ ಗೆರೆ ಎಳೀರಿ. ಪ್ರತಿ ಗೆರೆಗೂ ಲಂಬಾರ್ಧಕ (ಗೆರೆಯ ನಡುಬಿಂದುವಲ್ಲಿ ಲಂಬವಾಗಿ ಹಾಯೋ ಗೆರೆ) ಎಳೀರಿ. ಲಂಬಾರ್ಧಕಗಳು ಸುತ್ತುವರಿದ ಒಳಗಿನ ಬಹುಭುಜವೇ ಆ ಪ್ರಾಣಿಯ ಅಪಾಯದ ಜಾಗ. ನಡುವಿನ ಚುಕ್ಕಿಗೆ ಪುಟ್ಟ ಬಹುಭುಜ, ಅಂಚಿನ ಚುಕ್ಕಿಗೆ ಒಂದು ಕಡೆ ಮುಚ್ಚುವುದೇ ಇಲ್ಲ. ಎಂಟನೇ ತರಗತಿಗೆ ಲಂಬಾರ್ಧಕ ಗೊತ್ತಿರುತ್ತೆ. ಹತ್ತಿರದ ಚುಕ್ಕಿ ಬಿಟ್ಟು ದೂರದ್ದಕ್ಕೆ ಮಾತ್ರ ಎಳೆದರೆ ಬಹುಭುಜ ತಪ್ಪಾಗುತ್ತೆ, ಮಕ್ಕಳು ಎಡವೋದು ಅಲ್ಲೇ.

ಕಂಪಾಸುಪೆಟ್ಟಿಗೆ, ಕೋಲಾರ

ಬಹಳ ಚೆನ್ನಾಗಿದೆ. ಈ ಬಹುಭುಜಕ್ಕೆ ವೊರೊನಾಯ್ ಬಹುಭುಜ ಅಂತ ಹೆಸರು. ಚುಕ್ಕಿಗಳನ್ನ ಜೇನುಕಣದ ನಡುಬಿಂದುಗಳಂತೆ ಸಮವಾಗಿ ಇಟ್ಟರೆ ಬರೋದು ಏನು ಅಂತ ಮಕ್ಕಳನ್ನ ಕೇಳಿ. ಷಡ್ಭುಜ! ಎರಡು ಚಾರ್ಟು ಪಕ್ಕಪಕ್ಕ ಇಡಿ.

ಒಂಟಿಬಂಡೆ

ನಕ್ಷತ್ರ ಆಮೆ ಸೇರಿಸಿ. ಬೆನ್ನ ಮೇಲೆ ನಕ್ಷತ್ರ, ಎಷ್ಟು ಸಮಸಮ.

ಹುತ್ತದಮಣ್ಣು, ಮುಳಬಾಗಿಲು

ನಕ್ಷತ್ರಕ್ಕಿಂತ ಗುಮ್ಮಟ ಮುಖ್ಯ. ಆ ಹಳದಿ ಗೆರೆಗಳು ಒಣಹುಲ್ಲಲ್ಲಿ ಅದರ ಅಂಚನ್ನ ಮರೆಮಾಡ್ತವೆ, ಸರಿ. ಆದರೆ ಆಮೆಗೆ ದೊಡ್ಡ ಅಪಾಯ ಅಂಗಾತ ಬೀಳೋದು. ಬಿಸಿಲಲ್ಲಿ ಹಾಗೇ ಬಿದ್ದಿದ್ದರೆ ಸತ್ತೇಹೋಗುತ್ತೆ. ಹಂಗೇರಿಯ ಡೊಮೊಕೋಶ್ ಮತ್ತು ವಾರ್ಕೊನಿ 2006ರಲ್ಲಿ ಗೊಂಬೊಟ್ಸ್ ಅನ್ನೋ ಘನಾಕೃತಿ ಕಂಡುಹಿಡಿದರು. ಹೇಗೇ ಇಟ್ಟರೂ ಉರುಳಿ ಉರುಳಿ ಒಂದೇ ಭಂಗಿಗೆ ಬಂದು ನಿಲ್ಲುತ್ತೆ. ಆಮೇಲೆ ಆಮೆಗಳ ಚಿಪ್ಪು ಅಳೆದರೆ ಆ ಆಕಾರಕ್ಕೆ ತೀರಾ ಹತ್ತಿರ ಬಂದದ್ದು ನಮ್ಮ ನಕ್ಷತ್ರ ಆಮೆ. ಎತ್ತರದ ಚಿಪ್ಪಿನ ಆಮೆ ಕಾಲು ಸ್ವಲ್ಪ ಒದ್ದರೆ ಸಾಕು, ಆಕಾರವೇ ಉಳಿದ ಕೆಲಸ ಮಾಡುತ್ತೆ. ಕೆರೆ ಆಮೆ ಚಪ್ಪಟೆ, ಈಜೋಕೆ ಅದೇ ಒಳ್ಳೇದು. ಅದು ತಿರುಗಬೇಕಾದರೆ ಉದ್ದ ಕುತ್ತಿಗೆಯನ್ನ ನೆಲಕ್ಕೆ ಒತ್ತಿ ಮೀಟಬೇಕು.

ಎರಡು ಎಚ್ಚರಿಕೆ. ಬೀಳಿಸಿದರೂ ಎದ್ದು ನಿಲ್ಲೋ ಬೊಂಬೆಗೆ ಹೋಲಿಸಿದರೆ ಅರ್ಧ ತಪ್ಪು. ಬೊಂಬೆ ಏಳೋದು ಬುಡದಲ್ಲಿ ತೂಕ ಇಟ್ಟಿರೋದರಿಂದ, ಗೊಂಬೊಟ್ಸ್‌ನಲ್ಲಿ ಯಾವ ತೂಕವೂ ಇಲ್ಲ, ಪೂರ್ತಿ ಒಂದೇ ವಸ್ತು. ಎರಡನೇದು, ನಿಜವಾದ ಆಮೆ ತಂದು ಅಂಗಾತ ಹಾಕಿ ತೋರಿಸೋದು ಬೇಡವೇ ಬೇಡ. ಹಿಡಿಯೋದು, ಸಾಕೋದು ಕಾನೂನಿನಲ್ಲಿ ಅಪರಾಧ. ಸಾಕಿದ ಆಮೆಗೆ ಗಾಳಿಯ ತೇವ ಸಾಲದೆ ಬೆನ್ನ ಹಲ್ಲೆಗಳು ಗೋಪುರದ ಹಾಗೆ ಉಬ್ಬಿಬಿಡ್ತವೆ, ಆಗ ಆ ಗುಮ್ಮಟವೇ ಹಾಳು.

ಕೆರೆಕೋಡಿ, ಗುಬ್ಬಿ

ತೇನೆಹಕ್ಕಿಯ ಮೊಟ್ಟೆ ಬರೆಯಿರಿ. ನಾಲ್ಕು ಮೊಟ್ಟೆ, ಒಂದು ತುದಿ ಚೂಪು, ನಾಲ್ಕೂ ಚೂಪು ತುದಿ ಒಳಮುಖ. ಹೋಳಿಗೆಯನ್ನ ನಾಲ್ಕು ಭಾಗ ಮಾಡಿ ಮತ್ತೆ ಜೋಡಿಸಿದ ಹಾಗೆ ಕೂರ್ತವೆ. ಸಣ್ಣ ಹೊಟ್ಟೆಯ ಕೆಳಗೆ ನಾಲ್ಕೂ ಮುಚ್ಚಬೇಕಲ್ಲ. ಕೆರೆ ಅಂಗಳದ ಬೆಣಚುಕಲ್ಲುಗಳ ನಡುವೆ ಬಣ್ಣವೂ ಕಲ್ಲಿನದೇ.

ರಾಗಿಹೊಲ

ಚೂಪು ಮೊಟ್ಟೆ ಉರುಳಿದರೆ ವೃತ್ತದಲ್ಲಿ ತಿರುಗುತ್ತೆ, ಬಂಡೆಯಿಂದ ಬೀಳಲ್ಲ, ಅದಕ್ಕೇ ಆ ಆಕಾರ ಅಂತ ಪುಸ್ತಕದಲ್ಲಿದೆ.

ಕಂಪಾಸುಪೆಟ್ಟಿಗೆ, ಕೋಲಾರ

ಅದು ಸಮುದ್ರದ ಬಂಡೆ ಅಂಚಿನ ಹಕ್ಕಿಯ ಬಗ್ಗೆ ಹೇಳೋ ಹಳೇ ವಿವರಣೆ. ಈಗ ಪೂರ್ತಿ ಒಪ್ಪಲ್ಲ. 2017ರಲ್ಲಿ 1400 ಜಾತಿಗಳ 49 ಸಾವಿರಕ್ಕೂ ಹೆಚ್ಚು ಮೊಟ್ಟೆ ಹೋಲಿಸಿ ನೋಡಿದಾಗ, ಚೆನ್ನಾಗಿ ಹಾರೋ ಹಕ್ಕಿಗಳ ಮೊಟ್ಟೆ ಹೆಚ್ಚು ಉದ್ದ ಅಥವಾ ಹೆಚ್ಚು ಚೂಪು ಅನ್ನೋ ಸಂಬಂಧ ಸಿಕ್ಕಿತು. ಒಂದೇ ಕಾರಣ ಬರೆದು ಮುಗಿಸಬೇಡಿ.

ಪಾವಗಡ ಬಿಸಿಲು

ನಮ್ಮ ಕಡೆ ಉರಿಮಂಡಲ ಹಾವು ಇದೆ. ಅದರ ಮಗ್ಗುಲಿನ ಹುರುಪೆಗಳು ಸುಮಾರು 45 ಡಿಗ್ರಿ ಓರೆ, ಮೇಲೆ ಗರಗಸದ ಹಲ್ಲು. ಮೈಯನ್ನ ಸುರುಳಿ ಸುರುಳಿಯಾಗಿ ಒಂದಕ್ಕೊಂದು ಉಜ್ಜಿ ‘ಸರ್ರ್’ ಅನ್ನಿಸುತ್ತೆ. ಬುಸುಗುಟ್ಟಿದರೆ ಉಸಿರಿನ ಜೊತೆ ತೇವ ಹೋಗುತ್ತೆ, ಒಣಸೀಮೆಯಲ್ಲಿ ಅದು ದುಬಾರಿ. ಆ ಶಬ್ದ ಕೇಳಿದರೆ ಫೋಟೋಗೆ ಬಗ್ಗದೆ ಹಿಂದೆ ಸರೀರಿ, ಅದು ಪುಟ್ಟ ಹಾವಾದರೂ ವಿಷ ಜೋರು.

ಜಗುಲಿ, ಮಾಲೂರು

ಜೇಡದ ಬಲೆಯಲ್ಲಿ ಎರಡು ಸುರುಳಿ ಇರ್ತವೆ, ಚಾರ್ಟುಗಳು ಒಂದೇ ತೋರಿಸ್ತವೆ. ಮೊದಲು ಗಾಳಿಗೆ ಒಂದು ಎಳೆ ಬಿಟ್ಟು ಸೇತುವೆ, ಆಮೇಲೆ ಚೌಕಟ್ಟು, ಆಮೇಲೆ ಬಂಡಿ ಚಕ್ರದ ಅರಗಳ ಹಾಗೆ ನಡುವಿನಿಂದ ಎಳೆಗಳು. ಅದರ ಮೇಲೆ ನಡುವಿನಿಂದ ಹೊರಕ್ಕೆ ಅಗಲ ಅಗಲವಾದ ಅಂಟಿಲ್ಲದ ಸುರುಳಿ. ಇದು ಬರೀ ಸಾರ್ವೆ, ಗಾರೆ ಕೆಲಸಕ್ಕೆ ಕಟ್ಟೋ ಥರ. ಕೊನೆಗೆ ಹೊರಗಿನಿಂದ ಒಳಕ್ಕೆ ಒತ್ತಾದ ಅಂಟು ಸುರುಳಿ ಹಾಕ್ತಾ, ಸಾರ್ವೆಯನ್ನ ಕತ್ತರಿಸ್ತಾ ಬರುತ್ತೆ. ಎರಡು ಸುತ್ತಿನ ನಡುವಿನ ಅಂತರ ಅದರ ಕಾಲಿನ ಅಳತೆ. ಮುಂಗಾಲಲ್ಲಿ ಹಿಂದಿನ ಸುತ್ತನ್ನ ಮುಟ್ಟಿ ನೋಡ್ತಾ ಮುಂದಿನ ಸುತ್ತು ಅಂಟಿಸುತ್ತೆ.

ಬಲೆಯ ನಡು ನಿಜವಾದ ನಡುವಲ್ಲಿ ಇರಲ್ಲ, ಮೇಲಕ್ಕೆ ಇರುತ್ತೆ. ಜೇಡ ತಲೆ ಕೆಳಗೆ ಮಾಡಿ ಕೂತಿರುತ್ತೆ, ಮೇಲಕ್ಕೆ ಓಡೋದಕ್ಕಿಂತ ಕೆಳಕ್ಕೆ ಬೇಗ ಓಡುತ್ತೆ. ಅದಕ್ಕೇ ಕೆಳಗಿನ ಭಾಗ ದೊಡ್ಡದು. ಕೈವಾರದಲ್ಲಿ ಸರಿಯಾದ ವೃತ್ತ ಬರೆದು ‘ಜೇಡರ ಬಲೆ’ ಅಂತ ಬರೀಬೇಡಿ.

ಹಿಪ್ಪುನೇರಳೆ, ಶಿಡ್ಲಘಟ್ಟ

ಜಾಲಿ ಗಿಡದಲ್ಲಿ ಹತ್ತಿ ಸುತ್ತಿದ ಹಾಗೆ ಗೋಜಲು ಬಲೆ ಇರುತ್ತಲ್ಲ, ಅದರಲ್ಲಿ ಯಾವ ರೇಖಾಗಣಿತ?

ಜಗುಲಿ, ಮಾಲೂರು

ಅದು ಗುಂಪು ಜೇಡ. ನೂರಾರು ಒಟ್ಟಿಗೆ ಇರ್ತವೆ, ಅಂಟಿನ ಬದಲು ಉಣ್ಣೆಯಂಥ ತೊಡಕು ನೂಲು. ಅಚ್ಚುಕಟ್ಟು ಸುರುಳಿ ಇಲ್ಲದೆಯೂ ಸೊಗಸಾಗಿ ಬದುಕ್ತವೆ. ಮಕ್ಕಳಿಗೆ ಇದನ್ನೂ ತೋರಿಸಿ.

ಹಾಗೇ ಇರುವೆಸಿಂಹದ ಕುಣಿ ಬಿಡಬೇಡಿ. ಜಗುಲಿಯ ಕೆಳಗೆ, ಬಂಡೆಯ ಮರೆಯಲ್ಲಿ, ಮಳೆ ಬೀಳದ ನುಣ್ಣನೆ ಧೂಳಲ್ಲಿ ಪುಟ್ಟ ಆಲಿಕೆಯ ಹಾಗೆ ಇರುತ್ತಲ್ಲ, ಅದು. ಹುಳು ಹಿಂದೆ ಹಿಂದೆ ಸುರುಳಿಯಾಗಿ ನಡೀತಾ, ತಲೆಯನ್ನ ಸಲಿಕೆ ಮಾಡಿ ಮಣ್ಣು ಎಸೀತಾ ಕುಣಿ ತೋಡುತ್ತೆ. ದಪ್ಪ ಕಾಳು ದೂರ ಬೀಳ್ತವೆ, ಗೋಡೆಯಲ್ಲಿ ನುಣ್ಣನೆಯದು ಉಳಿಯುತ್ತೆ. ಗೋಡೆಯ ಇಳಿಜಾರು ಮರಳು ಜಾರೋ ಕೋನಕ್ಕೆ ತೀರಾ ಹತ್ತಿರ. ಇರುವೆ ಕಾಲಿಟ್ಟರೆ ಸಾಕು, ಗೋಡೆ ಅದನ್ನ ಹೊತ್ತು ಕೆಳಗೆ ಜಾರುತ್ತೆ. ಕೋನವನ್ನ ಹುಳು ಅಳೆಯೋದೇ ಇಲ್ಲ. ಹೆಚ್ಚು ಕಡಿದಾದರೆ ಮಣ್ಣೇ ಕುಸಿದು ಸರಿಮಾಡುತ್ತೆ.

ಬೆಟ್ಟದಡಿ, ಚಿಕ್ಕಬಳ್ಳಾಪುರ

ಕೊಕ್ಕು, ಕಾಲು, ಮೀಸೆ, ತಲೆ, ಕೊನೆಗೆ ಮಣ್ಣೇ ಅಳತೆಗೋಲು. ಮಕ್ಕಳ ಪ್ರಶ್ನೆಗೆ ಇಷ್ಟು ಉತ್ತರ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಮರಳಿನ ಕೋನ ತರಗತಿಯಲ್ಲೇ ಅಳೆಯಬಹುದಾ?

ಜಗುಲಿ, ಮಾಲೂರು

ಸುಲಭ. ಮರಳನ್ನ ಜರಡಿ ಹಿಡಿದು ಒಂದು ದಿನ ಬಿಸಿಲಲ್ಲಿ ಒಣಗಿಸಿ. ನಮ್ಮ ಕೆಂಪುಮಣ್ಣು ಬೇಡ, ಜೇಡಿ ಇರೋದರಿಂದ ಹೆಂಟೆಯಾಗಿ ಕೋನ ಸುಳ್ಳು ಹೇಳುತ್ತೆ. ಹಾಳೆಯ ಮೇಲೆ ಮುಷ್ಟಿಯಿಂದ ನಿಧಾನಕ್ಕೆ ಒಂದೇ ಜಾಗಕ್ಕೆ ಸುರೀರಿ. ಗುಡ್ಡೆಯ ಎತ್ತರ, ಬುಡದ ಅರ್ಧ ಅಗಲ ಅಳೀರಿ. ಅರ್ಧ ಅಗಲ 10 ಸೆಂಮೀ ಇದ್ದು ಎತ್ತರ 6ರಿಂದ 7 ಬಂದರೆ ಕೋನ 31ರಿಂದ 35 ಡಿಗ್ರಿ. ಒದ್ದೆ ಮರಳಲ್ಲಿ ಇನ್ನೊಂದು ಗುಡ್ಡೆ ಮಾಡಿಸಿ, ಗೋಡೆ ನೆಟ್ಟಗೆ ನಿಲ್ಲುತ್ತೆ. ಮಳೆ ಹನಿಯೋ ಜಾಗದಲ್ಲಿ ಇರುವೆಸಿಂಹ ಯಾಕೆ ಇರಲ್ಲ ಅನ್ನೋದು ಆಗ ಕೇಳದೇ ಗೊತ್ತಾಗುತ್ತೆ.

ಜೇನುಪೆಟ್ಟಿಗೆ, ತಿಪಟೂರು

ಜೇನಿನ ಕಣ ಅಳೆಯೋದಾದರೆ ಒಂದೊಂದನ್ನೇ ಅಳೆಯಬೇಡಿ, ತಪ್ಪಾಗುತ್ತೆ. ಸಾಲಾಗಿ 10 ಕಣ ಅಳೆದು 10ರಿಂದ ಭಾಗಿಸಿ. ನಮ್ಮ ಬಯಲುಸೀಮೆ ತುಡುವೆ ಜೇನಲ್ಲಿ ಕೆಲಸಗಾರ ನೊಣದ 10 ಕಣಕ್ಕೆ ಸುಮಾರು 42ರಿಂದ 45 ಮಿಮೀ ಬರುತ್ತೆ, ಯುರೋಪಿನ ಜೇನಲ್ಲಿ 52ರಿಂದ 54. ಮೂರು ದಿಕ್ಕಿನಲ್ಲೂ ಅಳೆಸಿ, ಎರಿ ಹಳೇದಾಗಿ ಜಗ್ಗಿದ್ದರೆ ಮೂರೂ ಒಂದೇ ಬರಲ್ಲ. ಹಳೇ ಖಾಲಿ ಎರಿ ಸಾಕು, ಮೇಣದ ಹುಳು ಬೀಳದ ಹಾಗೆ ಡಬ್ಬಿಯಲ್ಲಿ ಮುಚ್ಚಿಡಿ. ಗೋಡೆಗೆ ತೂಗುಹಾಕೋವಾಗ ಕಡ್ಡಿ ಚುಚ್ಚಿದ ಅಂಚು ಮೇಲೆ.